ವಿಮಾನ ಬಿದ್ದ ದಿನ, ಬೈಯುವ ಮೊದಲು

2025ರ ಜೂನ್ 12, ಗುರುವಾರ. ಸುಂಟಿಕೊಪ್ಪದಲ್ಲಿ ಮಳೆ, ಕರೆಂಟ್ ಇಲ್ಲ. ಅಹಮದಾಬಾದಿನಲ್ಲಿ ವಿಮಾನ ಬಿದ್ದ ಸುದ್ದಿ ಫೋನಿಗೆ ಬಂದಾಗ ನಾನು ಪೇಟೆಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಅರ್ಧ ಗಂಟೆ ಕಳೆದಿರಲಿಲ್ಲ, ಪಕ್ಕದ ಮೇಜಿನ ಮಾವ ತೀರ್ಪು ಕೊಟ್ಟಾಗಿತ್ತು. "ಪೈಲಟ್‌ದೇ ತಪ್ಪು, ಬಿಡು ಮಗಾ." ಇನ್ನೊಬ್ಬರು ಕಂಪನಿ ಅಂದರು, ಮೂರನೆಯವರು ಹಕ್ಕಿ ಅಂದರು. ಅಲ್ಲಿದ್ದವರು ಯಾರೂ, ನನ್ನನ್ನೂ ಸೇರಿಸಿ, ಕಾಕ್‌ಪಿಟ್ ಒಳಗೆ ಒಮ್ಮೆಯೂ ಇಣುಕಿದವರಲ್ಲ.

ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ ಅಂತ ಹೇಳುವುದಿಲ್ಲ, ಅದು ಯಾರ ಕೈಲೂ ಆಗುವ ಕೆಲಸವಲ್ಲ. ಮಾತಾಡಿ. ಆದರೆ ಒಂದು ಅಭ್ಯಾಸ ಮಾಡಿಕೊಳ್ಳಿ: ವಾಕ್ಯದ ಕೊನೆಯ ಕ್ರಿಯಾಪದ ನೋಡಿ. "ಹೋಯಿತು" ಅಂತ ಇದೆಯಾ, "ಮಾಡಿದ" ಅಂತ ಇದೆಯಾ? ಇದೆಂಥ ವ್ಯಾಕರಣ ಪಾಠ ಅನ್ನಬೇಡಿ, ನಾನು ಇದನ್ನು ಕಲಿತದ್ದು ನನ್ನ ಸ್ವಂತ ಖರ್ಚಿನಲ್ಲಿ.

ಒಂದು ಜನವರಿ, ಕಾಫಿ ಕುಯ್ಲಿನ ಮಧ್ಯೆ, ಸಂಜೆ ಏಳರ ಹೊತ್ತಿಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪರ್ ಮೆಷಿನಿನ ಮೋಟರ್ ಸುಟ್ಟು ಹೋಯಿತು. ವಾರ್ನಿಷ್ ಕರಟಿದ ವಾಸನೆ ಕಣದವರೆಗೂ ಬರುತ್ತಿತ್ತು. ನಾನು ಓಡಿ ಬಂದವನೇ, ಮೆಷಿನ್ ಹತ್ತಿರ ನಿಂತಿದ್ದ ಹುಡುಗನನ್ನು ಎಲ್ಲರ ಎದುರು ಬೈದೆ. "ಮೋಟರ್ ಸುಟ್ಟುಬಿಟ್ಟ" ಅಂತ ಮನೆಯಲ್ಲೂ ಹೇಳಿದೆ. ಮಾರನೆ ದಿನ ಹುಡುಗ ಕೆಲಸಕ್ಕೆ ಬರಲಿಲ್ಲ. ಮಧ್ಯಾಹ್ನ ಎಲೆಕ್ಟ್ರಿಷಿಯನ್ ಸ್ಟಾರ್ಟರ್ ಬಾಕ್ಸ್ ಬಿಚ್ಚಿದರು. ಮೂರು ಫೇಸಿನಲ್ಲಿ ಒಂದು ಹೋಗಿತ್ತು, ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸ್ ಹಾರಿತ್ತು, ಮೋಟರ್ ಎರಡೇ ಫೇಸಿನಲ್ಲಿ ಗುಂಯ್‌ಗುಟ್ಟುತ್ತಾ ಎಳೆದು ಎಳೆದು ಸುಟ್ಟಿತ್ತು. ಹೀಗಾದಾಗ ತಾನಾಗಿ ಆಫ್ ಆಗಲಿ ಅಂತ ಪ್ರಿವೆಂಟರ್ ಅನ್ನುವ ಒಂದು ಸಣ್ಣ ಸಾಮಾನು ಇರುತ್ತದೆ. ಅದಕ್ಕೆ ಸಂಬಂಧವೇ ಇಲ್ಲದ ಹಾಗೆ ಒಂದು ಕೆಂಪು ವೈರ್ ನೇರವಾಗಿ ಎಳೆದಿತ್ತು. ಹಿಂದಿನ ವರ್ಷ "ಇದು ಪದೇ ಪದೇ ಟ್ರಿಪ್ ಆಗ್ತದೆ, ನೇರ ಕೊಡಿ" ಅಂತ ಆ ವೈರ್ ಹಾಕಿಸಿದ್ದು ನಾನೇ. ಹುಡುಗ ಶಬ್ದ ಕೇಳಿದ ಕೂಡಲೇ ಆಫ್ ಮಾಡಬಹುದಿತ್ತು, ನಿಜ. ಆದರೆ ಅದು ಸರಪಳಿಯ ಕಟ್ಟ ಕಡೆಯ ಕೊಂಡಿ.

ವಿಮಾನದ ತನಿಖೆಯವರು ಮಾಡುವುದೂ ಇದೇ, ಬಾಕ್ಸ್ ಬಿಚ್ಚುವುದು. ನಮ್ಮಲ್ಲಿ ಆ ಕೆಲಸ ವಿಮಾನ ಅಪಘಾತ ತನಿಖಾ ಸಂಸ್ಥೆಯದು, ಎಎಐಬಿ ಅಂತಾರೆ. ಅವರು ಪಾಲಿಸುವ ಅಂತರರಾಷ್ಟ್ರೀಯ ನಿಯಮದ 13ನೇ ಅನುಬಂಧದಲ್ಲಿ ತನಿಖೆಯ ಉದ್ದೇಶ ಮತ್ತೆ ಹೀಗಾಗದಂತೆ ತಡೆಯುವುದು ಮಾತ್ರ, ತಪ್ಪು ಹೊರಿಸುವುದಲ್ಲ ಅಂತ ಸ್ಪಷ್ಟವಾಗಿ ಇದೆ. ಶಿಕ್ಷೆ, ಪರಿಹಾರ ಎಲ್ಲ ಕೋರ್ಟಿನ ದಾರಿ. 30 ದಿನದಲ್ಲಿ ಪ್ರಾಥಮಿಕ ವರದಿ, ಸಾಧ್ಯವಾದರೆ 12 ತಿಂಗಳಲ್ಲಿ ಅಂತಿಮ ವರದಿ. ಈ ಎರಡು ದಿನಾಂಕ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ನಡುವೆ ಬರುವ "ಮೂಲಗಳ ಪ್ರಕಾರ" ಸುದ್ದಿಯನ್ನು ಓದಲೇಬೇಡಿ ಅನ್ನಲಾರೆ, ಫಾರ್ವರ್ಡ್ ಮಾಡಬೇಡಿ ಅಷ್ಟೇ.

ಪ್ರಾಥಮಿಕ ವರದಿ ಬಂದ ದಿನ ಜಾಸ್ತಿ ಹುಷಾರಾಗಿರಬೇಕು. ಅಹಮದಾಬಾದಿನದು ಜುಲೈ 12ಕ್ಕೆ ಬಂತು, 15 ಪುಟ. ವಿಮಾನ ನೆಲ ಬಿಟ್ಟ ಕೆಲವೇ ಸೆಕೆಂಡಿನಲ್ಲಿ ಎರಡೂ ಎಂಜಿನ್‌ಗಳ ಇಂಧನದ ಸ್ವಿಚ್ ಒಂದರ ಹಿಂದೆ ಒಂದು, ಒಂದು ಸೆಕೆಂಡ್ ಅಂತರದಲ್ಲಿ, 'ಕಟಾಫ್' ಸ್ಥಾನಕ್ಕೆ, ಅಂದರೆ ಇಂಧನ ನಿಲ್ಲುವ ಕಡೆಗೆ, ಹೋದವು ಅಂತ ಅದರಲ್ಲಿತ್ತು. ಯಾಕೆ ಕಟ್ ಮಾಡಿದಿರಿ ಅಂತ ಒಬ್ಬ ಪೈಲಟ್ ಕೇಳಿದ್ದು, ನಾನು ಮಾಡಿಲ್ಲ ಅಂತ ಇನ್ನೊಬ್ಬರು ಹೇಳಿದ್ದು ರೆಕಾರ್ಡ್ ಆಗಿತ್ತು. ಸುಮಾರು ಹತ್ತು ಸೆಕೆಂಡಿನ ನಂತರ ಒಂದು ಸ್ವಿಚ್, ಅದಾಗಿ ನಾಲ್ಕು ಸೆಕೆಂಡಿಗೆ ಇನ್ನೊಂದು, ಮತ್ತೆ 'ರನ್' ಸ್ಥಾನಕ್ಕೆ ಬಂದಿದ್ದವು. ಕೇಳಿದ್ದು ಯಾರು, ಉತ್ತರ ಕೊಟ್ಟದ್ದು ಯಾರು ಅನ್ನುವುದು ವರದಿಯಲ್ಲಿ ಇರಲಿಲ್ಲ. ವರದಿಯಲ್ಲಿದ್ದದ್ದು "ಹೋದವು". ಸಂಜೆಯೊಳಗೆ ನಮ್ಮ ಗುಂಪಿನಲ್ಲಿ ಅದು "ಆಫ್ ಮಾಡಿದ" ಆಗಿತ್ತು. ನಡುವೆ ಒಬ್ಬ ಮನುಷ್ಯ ಹುಟ್ಟಿಕೊಂಡಿದ್ದ, ಅವನಿಗೆ ಹೆಸರು, ಕಾರಣ, ಕಾಯಿಲೆ ಎಲ್ಲ ಕೊಟ್ಟಾಗಿತ್ತು. ಆ ಎರಡು ಪೈಲಟ್‌ಗಳ ಮನೆಯವರೂ ಫೋನ್ ನೋಡುತ್ತಾರೆ ಅಲ್ವಾ?

ಹಾಗಾದರೆ ಪೈಲಟ್ ತಪ್ಪು ಮಾಡುವುದೇ ಇಲ್ವಾ ಅಂತ ಮಾವ ಕೇಳಿದರು. ಮಾಡುತ್ತಾರೆ ಮಾವ. ನಮ್ಮವರು ದುಬೈಗೆ ಹೋಗಿ ಬರುವ ಮಂಗಳೂರಿನ ಬಜ್ಪೆಯಲ್ಲೇ 2010ರ ಮೇ 22ರಂದು ವಿಮಾನ ಕಣಿವೆಗೆ ಬಿದ್ದು 158 ಜನ ಸತ್ತರು, ಎಂಟು ಮಂದಿ ಉಳಿದರು. ಅವತ್ತು ಸಂಜೆಯೇ ಒಂದು ಗುಂಪು "ರನ್‌ವೇ ಚಿಕ್ಕದು" ಅಂತ, ಇನ್ನೊಂದು "ವಿದೇಶಿ ಪೈಲಟ್" ಅಂತ. ತನಿಖೆ ಮುಗಿದ ಮೇಲೆ ಕ್ಯಾಪ್ಟನ್ ತಪ್ಪು ಅಂತಲೇ ಬಂತು. ಆದರೆ ಬರೇ ಅಷ್ಟೇ ಬಂದಿದ್ದರೆ ಯಾರಿಗೂ ಉಪಯೋಗ ಇರುತ್ತಿರಲಿಲ್ಲ. ಸುಮಾರು 8,000 ಅಡಿ ರನ್‌ವೇಯಲ್ಲಿ ಚಕ್ರ ನೆಲಕ್ಕೆ ತಾಗಿದ್ದು 5,200 ಅಡಿ ದಾಟಿದ ಮೇಲೆ. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗಿಂತ ಜಾಸ್ತಿ ನಿದ್ದೆ ಮಾಡಿದ್ದರು. ಇಳಿಸುವುದು ಬೇಡ, ಮೇಲೆ ಏರೋಣ ಅಂತ ಕೋ-ಪೈಲಟ್ ಮೂರು ಸಲ ಹೇಳಿದ್ದರು, ಆದರೆ ಕಂಟ್ರೋಲ್ ಕೈಗೆ ತೆಗೆದುಕೊಳ್ಳಲಿಲ್ಲ, ಬಹುಶಃ ಯಾಕೆಂದರೆ ಹಾಗೆ ಮಾಡುವ ಅಧಿಕಾರ ಅವರಿಗೆ ಎಷ್ಟಿದೆ ಅನ್ನುವ ಬಗ್ಗೆ ನಿಯಮಗಳೇ ಗೊಂದಲದಲ್ಲಿದ್ದವು. ರನ್‌ವೇ ಆಚೆ ಆಂಟೆನಾಗೆ ಕಟ್ಟಿದ್ದ ಕಾಂಕ್ರೀಟಿಗೆ ರೆಕ್ಕೆ ಬಡಿದಿತ್ತು. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದರಿಂದ ಇದ್ಯಾವುದೂ ಸಿಗುತ್ತಿರಲಿಲ್ಲ.

ಬೇಗ ಬೈದರೆ ನಷ್ಟ ಏನು? ಇಂಡೋನೇಷ್ಯಾ ಕೇಳಿ. 2018ರ ಅಕ್ಟೋಬರ್ 29ರಂದು ಅಲ್ಲಿ ಬೋಯಿಂಗ್ 737 ಮ್ಯಾಕ್ಸ್ ಸಮುದ್ರಕ್ಕೆ ಬಿದ್ದು 189 ಜನ ಹೋದರು. ಪೈಲಟ್‌ಗಳಿಗೆ ಸರಿಯಾಗಿ ಬರುತ್ತಿರಲಿಲ್ಲ ಅನ್ನುವ ಮಾತು ಜೋರಾಗಿತ್ತು. ಅದೇ ಮಾದರಿಯ ವಿಮಾನಗಳು ಹಾರುತ್ತಲೇ ಇದ್ದವು. 2019ರ ಮಾರ್ಚ್ 10ರಂದು ಇಥಿಯೋಪಿಯಾದಲ್ಲಿ ಇನ್ನೊಂದು, 157 ಜನ. ಎರಡರಲ್ಲೂ ಒಂದು ಸೆನ್ಸರ್ ತಪ್ಪು ಹೇಳಿ, ಅದನ್ನು ನಂಬಿದ ಸಾಫ್ಟ್‌ವೇರ್ ಮೂತಿಯನ್ನು ಕೆಳಕ್ಕೆ ಒತ್ತಿತ್ತು. ನನ್ನ ಕೆಂಪು ವೈರ್ ನೆನಪಾಗುವುದು ಇಲ್ಲೇ. ಹುಡುಗನನ್ನು ಬೈದು ಹೊಸ ಮೋಟರ್ ಕೂರಿಸಿದ್ದರೆ ಅದೂ ಸುಡುತ್ತಿತ್ತು.

ನಿಮ್ಮ ಪರಿಚಯದವರ ಮನೆಯಲ್ಲೇ ಸಾವಾಗಿದ್ದರೆ ಕಾರಣದ ಮಾತೇ ಎತ್ತಬೇಡಿ. ಏರ್‌ಪೋರ್ಟಿಗೆ ಯಾರು ಹೋಗುತ್ತಿದ್ದಾರೆ, ಜೀಪ್ ಬೇಕಾ, ಡಿಎನ್‌ಎ ಸ್ಯಾಂಪಲ್ ಕೊಡಲು ರಕ್ತಸಂಬಂಧಿಗಳಲ್ಲಿ ಯಾರು ಹೊರಡುತ್ತಾರೆ, ತೋಟ ಯಾರು ನೋಡಿಕೊಳ್ಳುತ್ತಾರೆ, ಇದನ್ನು ಕೇಳಿ.

ಕಾಯುವುದು ಕಷ್ಟ ಅನ್ನುವವರು ನಮ್ಮ ಕೊಡಗಿನ ವಾಯುಪಡೆ ಪೈಲಟ್ ಅಜ್ಜಮಾಡ ದೇವಯ್ಯ ಅವರನ್ನು ನೆನೆಸಿಕೊಳ್ಳಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದವರು ಮರಳಿ ಬರಲಿಲ್ಲ. ತಮ್ಮ ಹಳೇ ಮಿಸ್ಟೇರ್ ವಿಮಾನದಲ್ಲಿ ಅವರು ಶತ್ರುಗಳ ಸ್ಟಾರ್‌ಫೈಟರನ್ನು ಹೊಡೆದು ಉರುಳಿಸಿದ್ದರು ಅನ್ನುವುದು ನಮ್ಮವರಿಗೆ ಗೊತ್ತಾಗಲು ವರ್ಷಗಳೇ ಬೇಕಾದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅದು ಯುದ್ಧ, ಅಪಘಾತದ ಮಾತೇ ಬೇರೆ, ಒಪ್ಪುತ್ತೇನೆ. ಆದರೂ ಆಕಾಶದಲ್ಲಿ ಆದದ್ದು ನೆಲಕ್ಕೆ ತಲುಪಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಕೊಡಗಿನವರಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ.

ಊಹೆ ತಡೆಯಲಾಗದಿದ್ದರೆ ಕಾಗದದ ಮೇಲೆ ಬರೆದು ದಿನಾಂಕ ಹಾಕಿ, ಯಾರಿಗೂ ತೋರಿಸಬೇಡಿ. ನಾನು ಜೂನ್ 12ರಂದು ಮಳೆ ಲೆಕ್ಕದ ಪುಸ್ತಕದಲ್ಲಿ ಇಂಚು ಸೆಂಟ್ ಬರೆದು, ಪಕ್ಕದಲ್ಲಿ "ಫ್ಲಾಪ್ ಹಾಕಲು ಮರೆತಿದ್ದಾರೆ" ಅಂತ ಬರೆದಿದ್ದೆ, ಅಡಿಗೆರೆ ಬೇರೆ ಎಳೆದಿದ್ದೆ. ಫ್ಲಾಪ್ ಅಂದರೆ ವಿಮಾನ ಏರುವಾಗ ರೆಕ್ಕೆಯ ಹಿಂದೆ ಇಳಿಬಿಡುವ ಪಟ್ಟಿ. ಜುಲೈ ವರದಿಯಲ್ಲಿ ಅದು ಇರಬೇಕಾದ 5 ಡಿಗ್ರಿಯಲ್ಲೇ ಇತ್ತು. ಆ ಪುಟದಲ್ಲಿ ಸರಿಯಾಗಿದ್ದದ್ದು ಮಳೆ ಲೆಕ್ಕ ಒಂದೇ.