ಕಷ್ಟ ಬಂದಾಗ ಮೊದಲು ಹೆಡ್‌ಮಾಸ್ಟರ್‌ಗೆ ಹೇಳಿ

ಕೆಲಸ ಹೋಯಿತು, ಮನೆಯಲ್ಲಿ ಕಾಯಿಲೆ, ಊರು ಬಿಡಬೇಕಾಗಿದೆ. ಇಂಥ ಹೊತ್ತಲ್ಲಿ ಮಗುವನ್ನು ಶಾಲೆ ಬಿಡಿಸಬೇಡಿ. ಹಾಜರಿ ತಪ್ಪುವ ಮುಂಚೆಯೇ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ್‌ಗೋ ಕ್ಲಾಸ್ ಟೀಚರ್‌ಗೋ ವಿಷಯ ಹೇಳಿ. ಸಂಕೋಚ ಬೇಡ. ಬಿಸಿಯೂಟ, ಹಾಲು, ಪುಸ್ತಕ, ಸಮವಸ್ತ್ರ ಎಲ್ಲ ಅಲ್ಲಿ ಉಚಿತ. ಕಷ್ಟದಲ್ಲಿರುವ ಮನೆಗೆ ಮಗುವಿನ ಒಂದು ಹೊತ್ತಿನ ಊಟವೂ ದೊಡ್ಡ ಆಸರೆ, ಅಲ್ವಾ?

ಊರು ಬದಲಾದಾಗ ಜನ ಜಾಸ್ತಿ ಹೆದರುವುದು ಟಿಸಿಗೆ, ಅಂದರೆ ಹಳೇ ಶಾಲೆ ಕೊಡುವ ವರ್ಗಾವಣೆ ಪತ್ರಕ್ಕೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ತಡವಾಯಿತು, ಜನನ ಪ್ರಮಾಣಪತ್ರ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಓದು ಬಿಟ್ಟಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ವಿಶೇಷ ತರಬೇತಿ ಕೊಡಬೇಕು.

ಶಾಲೆಯವರು ಕೇಳಲಿಲ್ಲವಾ? ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರನ್ನು ಕಾಣಿ, ಅವರೂ ಪೋಷಕರೇ. ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ಮಗುವಿಗೆ ಹೊಡೆತ ಬೀಳುತ್ತಿದ್ದರೆ, ದುಡಿಮೆಗೆ ಕಳಿಸುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಕರೆಗೆ ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ.