ಅಟ್ಟ ಖಾಲಿ ಮಾಡಲು ಯುಗಾದಿ ಗಡುವು

ಆಯುಧಪೂಜೆಗೆ ಅಟ್ಟದ ಸಾಮಾನು ಇಳಿಸಿ, ಒರೆಸಿ, ಮತ್ತೆ ಅಲ್ಲಿಗೇ ಏರಿಸುತ್ತೇವೆ, ಅಲ್ವಾ? ನಾನೂ ಸುಮಾರು ವರ್ಷ ಅದನ್ನೇ ಮಾಡಿದೆ. ಹೋದ ಸಲ ಮಾತ್ರ ಬೇಕೋ ಬೇಡವೋ ಅನ್ನಿಸಿದ್ದನ್ನೆಲ್ಲ ರಟ್ಟಿನ ಡಬ್ಬಕ್ಕೆ ತುಂಬಿ, ಮೇಲೆ ತಾರೀಖು ಬರೆದಿಟ್ಟೆ. ಗಡುವು ಯುಗಾದಿ. ಹೆಚ್ಚುಕಮ್ಮಿ 6 ತಿಂಗಳು. ನಡುವೆ ದೀಪಾವಳಿ, ಸಂಕ್ರಾಂತಿ, ನೆಂಟರು ಎಲ್ಲ ಬಂದು ಹೋಗುತ್ತಾರೆ. ಆಗಲೂ ಕೈ ಹಾಕದ ಪಾತ್ರೆ ಇನ್ಯಾವಾಗ ಬೇಕು?

ರೇನ್‌ಕೋಟ್, ಗೌರಿ-ಗಣೇಶದ ಸಾಮಾನು, ದಸರಾ ಗೊಂಬೆ ಇವನ್ನು ಡಬ್ಬಕ್ಕೆ ಹಾಕಬೇಡಿ. ಅವುಗಳ ಕಾಲ ಯುಗಾದಿ ಆದಮೇಲೆ.

ಹಳೇ ಸ್ಟೀಲ್ ಪಾತ್ರೆಯನ್ನು ಅಂಗಡಿಯವರು ತೂಕಕ್ಕೆ ತಗೊಳ್ಳುತ್ತಾರೆ. ದುಡ್ಡು ಕಡಿಮೆ ಬಂದರೂ ಪರವಾಗಿಲ್ಲ, ದುಡ್ಡೇ ಕೇಳಿ. ಬದಲಿಗೆ ಹೊಸ ಪಾತ್ರೆ ತಂದರೆ ಮುಗೀತು ಕಥೆ!

ಅರಿಶಿನ ಕುಂಕುಮಕ್ಕೆ ಬಂದ ಬ್ಲೌಸ್ ಪೀಸ್‌ಗಳದ್ದು ಬೇರೆಯದೇ ಪುರಾಣ. ಒಂದಂತೂ ಊರು ಸುತ್ತಿ ನನ್ನ ಹತ್ತಿರವೇ ವಾಪಸ್ ಬಂದಿತ್ತು. ಈಗ ಗಟ್ಟಿ ಕಾಟನ್ ಪೀಸ್‌ಗಳಿಂದ ತರಕಾರಿ ಚೀಲ ಹೊಲಿಸುತ್ತಿದ್ದೇನೆ. ಬೀನ್ಸ್‌ಗೊಂದು, ಸೊಪ್ಪಿಗೊಂದು.

ಮನೆಯವರ ವಸ್ತುಗಳನ್ನು ಕೇಳದೆ ಕೊಡಬೇಡಿ. ಅತ್ತೆಯವರ ಒಂದು ತೂತು ಬಿದ್ದ ಸೌಟಿಗೆ ನಾನು ಇನ್ನೂ ಬೈಸಿಕೊಳ್ಳುತ್ತಿದ್ದೇನೆ.