ಲೆಸಾದ ಕಡಲ ಈಜುಕೊಳ ನೋಡುವ ಬಗೆ

ಪೋರ್ಚುಗಲ್‌ನ ಪೋರ್ಟೊ ನಗರದ ಬಳಿಯ ಲೆಸಾ ಡ ಪಾಲ್ಮೇರಾದಲ್ಲಿ ವಾಸ್ತುಶಿಲ್ಪಿ ಅಲ್ವಾರೊ ಸೀಜಾ 1960ರ ದಶಕದಲ್ಲಿ ಕಟ್ಟಿದ ಈಜುಕೊಳ ರಸ್ತೆಯಿಂದ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಎತ್ತರದ ಕಟ್ಟಡಕ್ಕಾಗಿ ಹುಡುಕಿದರೆ ದಾಟಿಯೇ ಹೋಗುತ್ತೀರಿ. ಕಡಲ ಬದಿಯ ಪಾದಚಾರಿ ದಾರಿಯಲ್ಲಿ ನಡೆಯುತ್ತ ಕೆಳಗೆ ನೋಡಿ: ತಾಮ್ರ ಹೊದಿಸಿದ ತಗ್ಗು ಚಾವಣಿ, ಕಾಂಕ್ರೀಟ್ ಗೋಡೆಯ ಅಂಚು ಕಾಣುತ್ತವೆ. ಚಾವಣಿ ರಸ್ತೆಯ ಮಟ್ಟಕ್ಕಿಂತ ಮೇಲೇಳದ ಕಾರಣ, ದುಡ್ಡು ಕೊಟ್ಟು ಒಳಗೆ ಹೋಗದವರಿಗೂ ಕಡಲು ಮರೆಯಾಗುವುದಿಲ್ಲ. ಈ ಕಟ್ಟಡದ ದೊಡ್ಡತನ ಇರುವುದೇ ಇಲ್ಲಿ.

ಪೋರ್ಟೊದ ತ್ರಿಂದಾದೆ ನಿಲ್ದಾಣದಲ್ಲಿ ಮೆಟ್ರೊದ ನೀಲಿ ಮಾರ್ಗ ಹತ್ತಿ, ಮೆರ್ಕಾದೊ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಬಂದರಿನ ಸೇತುವೆ ದಾಟಿ ನಡೆಯಬೇಕು. ಹಡಗು ಬಂದಾಗ ಸೇತುವೆ ಮೇಲೇಳುತ್ತದೆ, ಹಾಗಾಗಿ ಸ್ವಲ್ಪ ಹೆಚ್ಚಿನ ಸಮಯ ಇಟ್ಟುಕೊಳ್ಳಿ.

ಕೊಳ ತೆರೆದಿರುವುದು ಬೇಸಿಗೆಯಲ್ಲಿ ಮಾತ್ರ. ಹೊರಡುವ ಮುನ್ನ ಆ ವರ್ಷದ ದಿನಾಂಕವನ್ನೂ ಭರತ-ಇಳಿತದ ವೇಳಾಪಟ್ಟಿಯನ್ನೂ ನೋಡಿಕೊಳ್ಳಿ. ಇಳಿತದ ಹೊತ್ತಿಗೆ ಸರಿಯಾಗಿ ತಲುಪಿದರೆ ಒಳ್ಳೆಯದು, ಆಗ ಕಾಂಕ್ರೀಟ್ ಎಲ್ಲಿ ನಿಂತು ಬಂಡೆ ಎಲ್ಲಿ ಶುರುವಾಗುತ್ತದೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಕೊಳದ ಸುತ್ತ ನಾಲ್ಕೂ ಕಡೆ ಗೋಡೆಯಿಲ್ಲ. ಇದ್ದ ಬಂಡೆಗಳನ್ನೇ ದಡವಾಗಿ ಬಳಸಿ, ನೀರು ಸೋರಿಹೋಗುವ ಕಡೆ ಮಾತ್ರ ಗೋಡೆ ಎಬ್ಬಿಸಲಾಗಿದೆ. ಫೋಟೊ ಬೇಕಿದ್ದರೆ ಬೆಳಿಗ್ಗೆಯೇ ಹೋಗಿ. ಕಡಲು ಪಶ್ಚಿಮಕ್ಕಿರುವುದರಿಂದ ಮಧ್ಯಾಹ್ನದ ಮೇಲೆ ಬಿಸಿಲು ನೇರ ಲೆನ್ಸ್‌ಗೆ ಹೊಡೆಯುತ್ತದೆ, ಜೊತೆಗೆ ಉತ್ತರದ ತಣ್ಣನೆಯ ಗಾಳಿ ಬೇರೆ. ಬೇಸಿಗೆಯಾದರೂ ಜಾಕೆಟ್ ಇರಲಿ.

ಒಳಗೆ ಹೋಗುವಾಗ ಅವಸರ ಬೇಡ. ಇಳಿಜಾರು ದಾರಿಯಲ್ಲಿ ಕೆಳಗಿಳಿಯುತ್ತಿದ್ದಂತೆ ಗೋಡೆಗಳು ಎದ್ದು ಕಡಲನ್ನು ಮರೆಮಾಡುತ್ತವೆ. ಬಟ್ಟೆ ಬದಲಿಸುವ ಕೋಣೆಗಳಲ್ಲಿ ಕಪ್ಪು ಮರ, ತಗ್ಗು ಚಾವಣಿ, ಸಂದಿನಿಂದ ಬರುವ ಬೆಳಕಷ್ಟೇ. ಅಲ್ಲೊಂದು ನಿಮಿಷ ನಿಲ್ಲಿ. ಕಣ್ಣು ಕತ್ತಲೆಗೆ ಹೊಂದಿದ ಮೇಲೆ ಹೊರಬಂದರೆ ಮಾತ್ರ ಬಯಲಿನ ಬೆಳಕು, ಅಲೆಯ ಸದ್ದು ಪೂರ್ತಿ ದಕ್ಕುತ್ತವೆ. ಬಂಡೆಗಳ ಮೇಲೆ ಪಾಚಿ ಇರುತ್ತದೆ, ರಬ್ಬರ್ ಅಡಿಯ ಚಪ್ಪಲಿ ಹಾಕಿ. ನೀರು ಅಟ್ಲಾಂಟಿಕ್‌ನದು, ಆಗಸ್ಟ್‌ನಲ್ಲೂ ನಡುಗಿಸುತ್ತದೆ.

ಕೊಳಕ್ಕೆ ಟಿಕೆಟ್ ಉಂಟು, ಪಕ್ಕದ ಮರಳಿಗೆ ಇಲ್ಲ. ಪೋರ್ಚುಗಲ್‌ನಲ್ಲಿ ಕಡಲತೀರ ಸಾರ್ವಜನಿಕ ಆಸ್ತಿ. ಭಾರಿ ಭರತದ ಗೆರೆಯಿಂದ ಒಳಕ್ಕೆ ಸಾಮಾನ್ಯವಾಗಿ 50 ಮೀಟರ್ ಅಗಲದ ಪಟ್ಟಿಗೂ ಅದೇ ನಿಯಮ. ಅಲ್ಲಿ ಖಾಸಗಿ ಹಕ್ಕು ಹೇಳುವವರು ಸಾಮಾನ್ಯವಾಗಿ ಆ ಜಾಗ 1864ರ ಡಿಸೆಂಬರ್ 31ಕ್ಕೂ ಮೊದಲೇ ಖಾಸಗಿಯಾಗಿತ್ತೆಂದು ತೋರಿಸಬೇಕು.

ಕೊಳ ಮುಚ್ಚಿದ್ದರೆ ಮರಳಿನ ಕಡೆಯಿಂದ ಗೋಡೆಗಳನ್ನು ನೋಡಿ, ಆಮೇಲೆ ದಡ ಹಿಡಿದು ಉತ್ತರಕ್ಕೆ ನಡೆಯಿರಿ. ದೀಪಸ್ತಂಭ ದಾಟಿದ ಮೇಲೆ ಸೀಜಾನದೇ ಬೊವಾ ನೋವಾ ಚಹಾಮನೆ ಸಿಗುತ್ತದೆ. ಈಗ ಅದು ದುಬಾರಿ ರೆಸ್ಟೊರೆಂಟ್, ಆದರೆ ಹೊರಗಿನಿಂದ ನೋಡಲು ಕಾಸು ಬೇಕಿಲ್ಲ.